ಪ್ಲಗ್ಗು ಇದ್ದ ಕಡೆ

ಮನೆ ಕಟ್ಟಿಸುವವರು ವಾಸ್ತು ನೋಡುತ್ತಾರೆ. ಒಲೆ ಎತ್ತ, ದೇವರ ಗೂಡು ಎತ್ತ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಆದರೆ ಸಂಸಾರ ಹೂಡಿದ ಮೇಲೆ ಯಾವ ವಸ್ತು ಎಲ್ಲಿರಬೇಕೆಂಬುದನ್ನು ಗೊತ್ತುಮಾಡುವವನು ವಾಸ್ತುಪುರುಷನಲ್ಲ. ಗೋಡೆಯಲ್ಲಿ ಮೂರು ಕಣ್ಣು ಬಿಟ್ಟುಕೊಂಡು ಕುಳಿತಿರುವ ಪ್ಲಗ್ಗು. ಅದಿದ್ದಲ್ಲಿ ಫ್ರಿಜ್ಜು, ಅದಿದ್ದಲ್ಲಿ ಮಿಕ್ಸಿ, ಫೋನಿನ ಚಾರ್ಜು ಮುಗಿದಾಗ ಅದಿದ್ದಲ್ಲೇ ನಾವೂ.

ನಮ್ಮದು 1962ರಲ್ಲಿ ಕಟ್ಟಿದ ಮನೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ನೀರಿನ ಬಲದಿಂದ. ಅದಾಗಿ ಐವತ್ತೇಳು ವರ್ಷ ಕಳೆದರೂ ನಮ್ಮ ತಾತನವರ ಪಾಲಿಗೆ ವಿದ್ಯುತ್ತೆಂದರೆ ದೀಪ ಮಾತ್ರ. ಹಜಾರದಲ್ಲಿ ರೇಡಿಯೋಗೆ ಒಂದು ಪ್ಲಗ್ಗು, ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಗೆ ಒಂದು. ಅದಕ್ಕಿಂತ ಹೆಚ್ಚಿನದು ದುಂದು ಎಂದು ಅವರ ಮತ. ಅವರನ್ನು ದೂರುವಂತಿಲ್ಲ. ಮೊಮ್ಮಗನ ಕಾಲದ ಹಸಿವನ್ನು ಯಾವ ತಾತ ಊಹಿಸಬಲ್ಲ?

2020ರಲ್ಲಿ ಕಾಲೇಜಿನ ಬಾಗಿಲು ಮುಚ್ಚಿ ಪಾಠವೆಲ್ಲ ಮನೆಗೆ ಬಂದಾಗ, ಅದರ ಹಿಂದೆಯೇ ಫೈಬರ್ ತಂತಿಯೂ ಬಂತು. ಹಾಕಲು ಬಂದ ಹುಡುಗ ಸುತ್ತ ನೋಡಿ, ಬೀದಿಯ ಕಿಟಕಿಯ ಬಳಿ, ಆ ರೇಡಿಯೋ ಪ್ಲಗ್ಗಿನ ಪಕ್ಕದಲ್ಲೇ ರೌಟರನ್ನು ಕೂರಿಸಿ ಹೋದ. ಅದರ ಅಲೆಗಳಲ್ಲಿ ಅರ್ಧ ಪಾಲು ಬೀದಿಯ ಸಂಪಿಗೆ ಮರಕ್ಕೆ ಸಲ್ಲುತ್ತಿತ್ತು. ಹಿಂದಿನ ಕೋಣೆಗೆ, ಒಂಬತ್ತಂಗುಲದ ಎರಡು ಗೋಡೆಗಳನ್ನೂ ಒಂದು ಉಕ್ಕಿನ ಬೀರುವನ್ನೂ ದಾಟಿ ತಲುಪುತ್ತಿದ್ದುದು ಬರಿಯ ಉಸಿರು.

ಆ ಕೋಣೆ ನಮ್ಮ ತಾಯಿಯವರದು. ತಂಗಿ ಕೆನಡಾದಲ್ಲಿದ್ದಾಳೆ. ಮಗಳ ಮುಖ ನೋಡಬೇಕಾದರೆ ಅಮ್ಮ ಗೋಡೆ ಹಿಡಿದುಕೊಂಡು ಹಜಾರಕ್ಕೆ ಬರಬೇಕು. ಅಲ್ಲಿ ನಾನು ಉತ್ತರಪತ್ರಿಕೆ ತಿದ್ದುತ್ತಿರುತ್ತೇನೆ. ಹೆಂಡತಿ ಹುರುಳಿಕಾಯಿ ಸೋಸುತ್ತಿರುತ್ತಾಳೆ. "ಊಟ ಆಯಿತೆ? ಅಲ್ಲಿ ಚಳಿಯೆ?" ಅಲ್ಲಿಗೆ ಮಾತು ಮುಗಿಯಿತು. ತಾಯಿ ಮಗಳಿಗೆ ಹೇಳುವುದು ಇನ್ನೂ ಎಷ್ಟೋ ಇರುತ್ತದೆ. ಮಗ ಸೊಸೆಯರ ಎದುರು ಆಡುವಂಥದಲ್ಲ. ಒಂದು ದಿನ ಫೋನು ಕೆಳಗಿಟ್ಟು ಅವರೆಂದರು: "ಕಾಗದವೇ ವಾಸಿಯಾಗಿತ್ತಪ್ಪ. ಅಂಟಿಸಿ ಕಳಿಸಬಹುದಿತ್ತು."

ರೌಟರನ್ನು ನಡುಮನೆಗೆ ತರುವುದೆಂದು ಅಂದೇ ನಿಶ್ಚಯವಾಯಿತು. ಆದರೆ ನಡುಮನೆಯಲ್ಲಿ ಪ್ಲಗ್ಗಿಲ್ಲ! ಉದ್ದನೆಯ ಎಕ್ಸ್‌ಟೆನ್ಷನ್ ಎಳೆಯೋಣವೆಂದರೆ ಅದು ಹೊಸ್ತಿಲು ದಾಟಿ ಅಮ್ಮನ ಕಾಲಿಗೇ ತೊಡರಬೇಕು. ಗೋಡೆ ಕೊರೆಯೋಣವೆಂದರೆ, ಈ ಕಡೆ ತಟ್ಟಿದರೆ ಆ ಕಡೆ ಗಾರೆ ಉದುರುತ್ತದೆಂದು ಎಲೆಕ್ಟ್ರಿಷಿಯನ್ ಹೆದರಿಸಿದ. ಫೈಬರನ್ನೇ ಒಳಕ್ಕೆ ಎಳೆಯೋಣವೆಂದರೆ ಅದು ಕೂದಲೆಳೆಯಷ್ಟು ತೆಳ್ಳನೆಯ ಗಾಜು. ಮೂಲೆಯಲ್ಲಿ ಮುರುಟಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ.

ದಾರಿ ತೋರಿಸಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರು. ಗಾಜಿನೆಳೆ ಬಂದು ಸೇರುವ ಪೆಟ್ಟಿಗೆ ಬೇರೆ, ಅಲೆ ಬೀರುವ ರೌಟರು ಬೇರೆ. ಪೆಟ್ಟಿಗೆ ಕಿಟಕಿಯ ಬಳಿಯೇ ಇರಲಿ ಎಂದರು. ಅಲ್ಲಿಂದ ಈಥರ್ನೆಟ್ ತಂತಿ ನೂರು ಮೀಟರಿನವರೆಗೂ ದಣಿಯದೆ ಹೋಗುತ್ತದಂತೆ. ಇನ್ನು ವಿದ್ಯುತ್ತು? ರೌಟರು 230 ವೋಲ್ಟನ್ನು ಉಣ್ಣುವುದೇ ಇಲ್ಲ. ಆ ಕರಿಯ ಅಡಾಪ್ಟರು ಅದನ್ನು 12 ವೋಲ್ಟಿಗೆ ಇಳಿಸಿ ಬಡಿಸುತ್ತದೆ. ಅಡಾಪ್ಟರು ಪ್ಲಗ್ಗಿನಲ್ಲೇ ಇದ್ದು, ಅದರ ಈಚೆಯ ಬಡ ತಂತಿಯನ್ನಷ್ಟೆ ಉದ್ದ ಮಾಡಿದರಾಯಿತು. ತಂತಿ ತೀರ ಸಣ್ಣದಿರಬಾರದು, ದಾರಿಯಲ್ಲೇ ವೋಲ್ಟೇಜು ಕುಸಿಯುತ್ತದೆ.

ಎರಡು ತಂತಿಗಳೂ ಜೊತೆಯಾಗಿ, ತಾತನವರ ಪಟದ ಹಿಂದಿನಿಂದ, ಬಾಗಿಲ ಚೌಕಟ್ಟಿನ ಮೇಲೆ ಹಾದು ನಡುಮನೆ ಸೇರಿದವು. ರೌಟರು ಎತ್ತರದ ಶೆಲ್ಫಿನಲ್ಲಿ, ಬೀರುವಿನ ಮರೆಗೆ ಸಿಕ್ಕದಂತೆ ಕುಳಿತಿತು. ಅದರಲ್ಲಿ ಎರಡು ಬಗೆಯ ಅಲೆಗಳುಂಟು: 5 ಗಿಗಾಹರ್ಟ್ಸಿನದು ಚುರುಕು, ಆದರೆ ಗೋಡೆಗೆ ಬೇಗ ಸೋಲುತ್ತದೆ, 2.4ರದು ನಿಧಾನ, ಗೋಡೆ ದಾಟುವ ತಾಳ್ಮೆ ಅದಕ್ಕುಂಟು. ಅಮ್ಮನ ಫೋನಿಗೆ ಈ ಎರಡನೆಯದನ್ನೇ ಗೊತ್ತುಮಾಡಿದೆವು.

ಈಗ ರಾತ್ರಿ ಒಂಬತ್ತಾದರೆ ಅಮ್ಮ ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿಕೊಳ್ಳುತ್ತಾರೆ. ಅರ್ಧ ಗಂಟೆ ಮಾತು ನಡೆಯುತ್ತದೆ. ಒಮ್ಮೊಮ್ಮೆ ನಗು ಕೇಳಿಸುತ್ತದೆ. ಒಮ್ಮೊಮ್ಮೆ ಏನೂ ಕೇಳಿಸುವುದಿಲ್ಲ.

"ದಿನಾ ಅಷ್ಟು ಹೊತ್ತು ಏನು ಮಾತಾಡುತ್ತಾರೋ!" ಎನ್ನುತ್ತಾಳೆ ನನ್ನ ಹೆಂಡತಿ.

"ನಮ್ಮ ವಿಷಯವೇ ಇರಬೇಕು" ಎಂದು ನಾನು ಪತ್ರಿಕೆ ತಿದ್ದುತ್ತೇನೆ.