ನೂರು ಮೊಟ್ಟೆ ಅಂದರೆ ನೂರು ಜೋಡಿ

ರೇಷ್ಮೆ ಬೆಳೆಯುವ ಮನೆಯವರಿಗೆ ಹುಳು ಗೊತ್ತು, ಗೂಡು ಗೊತ್ತು, ಮಾರ್ಕೆಟ್ ರೇಟೂ ಗೊತ್ತು. ಚಿಟ್ಟೆ ಮಾತ್ರ ಅಷ್ಟಾಗಿ ಗೊತ್ತಿರುವುದಿಲ್ಲ. ನಾವು ಮಾರಿದ ಗೂಡು ನೂಲು ತೆಗೆಯುವವರ ಬಿಸಿನೀರಿಗೆ ಹೋಗುತ್ತದೆ. ಒಳಗಿನ ಜೀವ ಚಿಟ್ಟೆಯಾಗುವ ಮೊದಲೇ ಮುಗಿದುಹೋಗುತ್ತದೆ. ಚಿಟ್ಟೆ ನೋಡಬೇಕೆಂದರೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೇ ಹೋಗಬೇಕು.

ನಮ್ಮ ಗುಂಪಿನಲ್ಲಿ ಮೂವರದ್ದು ರೇಷ್ಮೆ ಮನೆ. ಚಂದ್ರಿಕೆ ಹೊತ್ತು, ಸೊಪ್ಪು ಕೊಯ್ದು ಬೆಳೆದವರು. ಆದರೂ ಚಿಟ್ಟೆಗಳು ಜೋಡಿಯಾಗುವುದನ್ನು ನಾವು ಸರಿಯಾಗಿ ಕಂಡಿದ್ದು ಹೋದ ವರ್ಷ, ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ.

ಊರಲ್ಲಿ ನಾವು "ಈ ಸಲ ನೂರು ಮೊಟ್ಟೆ ಮೇಯಿಸ್ತಾ ಇದೀವಿ" ಅನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ತಾಯಿ ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಸುಮಾರು 400. ನೂರು ಮೊಟ್ಟೆ ಅಂದರೆ ನೂರು ತಾಯಿ. ಒಂದೊಂದು ತಾಯಿಗೂ ಒಂದು ಗಂಡು ಚಿಟ್ಟೆ ಸೇರಿರಬೇಕು. ಆ ಸೇರುವಿಕೆ ಸರಿಯಾಗದಿದ್ದರೆ ಮೊಟ್ಟೆ ಬಲಿಯುವುದಿಲ್ಲ. ಒಳ್ಳೆಯ ಮೊಟ್ಟೆ ಮರಿ ಒಡೆಯುವ ಮುಂಚೆ ನೀಲಿಗೆ ತಿರುಗುತ್ತದೆ, ಜೊಳ್ಳು ಮೊಟ್ಟೆ ಹಳದಿಯಾಗೇ ಉಳಿದು ಚಪ್ಪಟೆಯಾಗುತ್ತದೆ. ನಮ್ಮ ಇಡೀ ಬೆಳೆ ನಿಂತಿರುವುದು ಆ ಕೆಲವು ಗಂಟೆಗಳ ಮೇಲೆ.

ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ. ಅದು ಏನನ್ನೂ ತಿನ್ನುವುದಿಲ್ಲ. ಬದುಕುವುದು ಕೆಲವೇ ದಿನ. ಆ ದಿನಗಳಲ್ಲಿ ಅದಕ್ಕಿರುವುದು ಒಂದೇ ಕೆಲಸ, ಜೋಡಿಯಾಗಿ ಮೊಟ್ಟೆ ಇಡುವುದು.

ಹೆಣ್ಣು ಕೂತಲ್ಲೇ ಕೂತು, ಬಾಲದ ತುದಿಯಿಂದ ಹಳದಿ ಗ್ರಂಥಿ ಹೊರಚಾಚಿ ವಾಸನೆ ಬಿಡುತ್ತದೆ. ಗಂಡು ಬಾಚಣಿಗೆಯಂಥ ತನ್ನ ಮೀಸೆಗಳಲ್ಲಿ ಆ ವಾಸನೆ ಹಿಡಿದು, ರೆಕ್ಕೆ ಪಟಪಟ ಬಡಿಯುತ್ತಾ ಅಂಕುಡೊಂಕಾಗಿ ನಡೆದು ಬರುತ್ತದೆ. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಮತ್ತು ಅವರ ತಂಡ ಈ ವಾಸನೆ ಯಾವ ವಸ್ತು ಎಂದು ತಿಳಿಯಲು ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿ ತೆಗೆಯಬೇಕಾಯಿತು. 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು.

ಪುಸ್ತಕಗಳಲ್ಲಿ ವಾಸನೆಯ ಕಥೆಯೇ ದೊಡ್ಡದು. ಆದರೆ ತಟ್ಟೆಯ ಮುಂದೆ ಕೂತು ನೋಡಿದರೆ ಬೇರೆಯೂ ಕಾಣುತ್ತದೆ. ವಾಸನೆ ಹರಡಿದ ಕಡೆ ಗಂಡು ಮೋಸ ಹೋಗುತ್ತದೆ. ಪಕ್ಕದ ಗಂಡನ್ನೇ ಹಿಡಿಯಲು ಹೋಗುತ್ತದೆ. ವಾಸನೆ ತಾಗಿದ ಬರೀ ಕಾಗದದ ಮೇಲೂ ಬಾಲ ಬಗ್ಗಿಸುತ್ತದೆ. ಕಾಗದ ಕೈಗೆ ಸಿಕ್ಕರೂ ಜೋಡಿ ಆಗುವುದಿಲ್ಲವಲ್ಲ. ಹತ್ತಿರ ಬಂದ ಮೇಲೆ ಮುಟ್ಟಿಯೇ ತಿಳಿಯಬೇಕು. ಗಂಡು ಹೆಣ್ಣಿನ ಮೈಗೆ ಮೈ ತಾಗಿಸಿಕೊಂಡು ತಿರುಗಿ, ಹೊಟ್ಟೆ ಬಗ್ಗಿಸಿ, ಬಾಲದ ತುದಿಯಿಂದ ತಡವುತ್ತದೆ. ಸರಿಯಾದ ಜಾಗ ತಾಗಿದಾಗ ಕೊಕ್ಕೆಯಂಥ ಹಿಡಿಕೆಗಳಿಂದ ಗಟ್ಟಿಯಾಗಿ ಹಿಡಿಯುತ್ತದೆ. ಪಟಪಟ ನಿಲ್ಲುತ್ತದೆ. ಕರೆಯುವುದು ವಾಸನೆ, ಜೋಡಿ ಮಾಡುವುದು ಸ್ಪರ್ಶ.

ಇಲ್ಲಿ ಮೂರನೆಯ ಸ್ಪರ್ಶವೊಂದಿದೆ. ನಮ್ಮ ಕಡೆ ಹೆಚ್ಚು ಮೇಯಿಸುವ ಮಿಶ್ರತಳಿಗೆ ತಾಯಿ ಪ್ಯೂರ್ ಮೈಸೂರು, ತಂದೆ ಸಿಎಸ್‌ಆರ್ 2. ಅವು ತಾವಾಗಿ ಒಂದೆಡೆ ಸೇರುವುದಿಲ್ಲ. ಗೂಡು ಕೊಯ್ದು, ಕೋಶದ ಬಾಲದ ಹತ್ತಿರದ ಗುರುತು ನೋಡಿ ಗಂಡು ಹೆಣ್ಣು ಬೇರೆ ಮಾಡುವುದರಿಂದ ಹಿಡಿದು ತಟ್ಟೆಯಲ್ಲಿ ಜೋಡಿಗೆ ಬಿಡುವವರೆಗೆ ಎಲ್ಲ ಕೈಕೆಲಸ. ನಾವು ನೋಡಿದ ಕೋಠಿಯಲ್ಲಿ ಆ ಕೈಗಳೆಲ್ಲ ಹೆಂಗಸರವು.

ಜೋಡಿಯಾದ ಚಿಟ್ಟೆಗಳನ್ನು ಮಬ್ಬುಗತ್ತಲಲ್ಲಿ, ಸುಮಾರು 25 ಡಿಗ್ರಿ ತಂಪಿನಲ್ಲಿ 3ರಿಂದ 4 ಗಂಟೆ ಅಲುಗಾಡಿಸದೆ ಬಿಡುತ್ತಾರೆ. ಆಮೇಲೆ ಬಿಡಿಸಬೇಕು. ಅಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ತೋರಿಸಿಕೊಟ್ಟರು. "ಎಳೀಬಾರ್ದು ಕಣ್ರಪ್ಪಾ. ಎಳುದ್ರೆ ತಾಯಿಗೆ ಗಾಯ ಆಯ್ತದೆ. ಹೆಣ್ಣಿನ ರೆಕ್ಕೆ ಹಿಡ್ಕಂಡು ಗಂಡನ್ನ ಹಂಗೇ ಒಂಚೂರು ತಿರುಗುಸ್ಬೇಕು, ಅದೇ ಬಿಡ್ತದೆ." ಅವರು ಮಾತಾಡುತ್ತಲೇ ಹತ್ತು ಜೋಡಿ ಬಿಡಿಸಿದ್ದರು. ಗಂಡುಗಳು ಎರಡನೇ ಸಲಕ್ಕೆಂದು ಫ್ರಿಜ್ಜಿಗೆ ಹೋದವು, ಹೆಣ್ಣುಗಳು ಮೊಟ್ಟೆ ಹಾಳೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ.

ಆ ಕತ್ತಲಲ್ಲೂ ತಾಯಿ ಚಿಟ್ಟೆಗೆ ದಾರಿ ತೋರಿಸುವುದು ಸ್ಪರ್ಶವೇ. ಮೊಟ್ಟೆ ಇಡುವ ತುದಿಯಲ್ಲಿ ಅದಕ್ಕೆ ಸಣ್ಣ ರೋಮಗಳಿವೆ. 1971ರಷ್ಟು ಹಿಂದೆಯೇ ಜಪಾನಿನ ಸಂಶೋಧಕರು ಈ ರೋಮಗಳನ್ನು ಅಧ್ಯಯನ ಮಾಡಿದ್ದರು. ತಾಯಿ ತುದಿಯಿಂದ ಹಾಳೆಯನ್ನು ತಡವಿ ತಡವಿ ಜಾಗ ನೋಡಿಕೊಂಡು ಮೊಟ್ಟೆ ಅಂಟಿಸುತ್ತದೆ. ಬೆಳಿಗ್ಗೆ ಮುಚ್ಚಳ ಎತ್ತಿದರೆ ರಾಗಿ ಕಾಳು ಹರಡಿದ ಹಾಗೆ ಒಂದರ ಪಕ್ಕ ಒಂದು.

ಆದರೆ ಆ ಕೋಣೆಯಲ್ಲಿ ನಮಗೆ ಹೆಚ್ಚು ಕಾಡಿದ್ದು ಕೆಮ್ಮು. ಸಾವಿರಾರು ಗಂಡುಗಳು ರೆಕ್ಕೆ ಬಡಿದಾಗ ಬಿಳಿ ಹುಡಿ ಏಳುತ್ತದೆ. ಗಾಳಿಯಲ್ಲಿ ತೇಲುತ್ತದೆ, ತಲೆಗೂದಲಿಗೆ, ರೆಪ್ಪೆಗೆ ಕೂರುತ್ತದೆ. ಅದು ರೆಕ್ಕೆಯ ಸಣ್ಣ ಪೊರೆಗಳು. ಉಸಿರಿಗೆ ಹೋಗುತ್ತಾ ಇದ್ದರೆ ಕೆಲವರಿಗೆ ಅಲರ್ಜಿಯಾಗಿ ಉಬ್ಬಸಕ್ಕೆ ತಿರುಗುತ್ತದೆ. ನಾವು ಕಂಡ ಹೆಂಗಸರು ಮೂಗಿಗೆ ಕಟ್ಟಿಕೊಂಡಿದ್ದು ಸೀರೆ ಸೆರಗು. "ಮಾಸ್ಕ್ ಕೊಡಲ್ವಾ ಅಕ್ಕ?" ಅಂದೆವು. "ಕೊರೋನಾ ಟೈಮಲ್ಲಿ ಕೊಟ್ಟಿದ್ರು" ಅಂದು ನಕ್ಕರು. ಸಂಜೆ ಹೊತ್ತಿಗೆ ಎದೆ ಬಿಗಿಯುತ್ತದಂತೆ.

ಚಿಟ್ಟೆಗೆ 25 ಡಿಗ್ರಿ ತಂಪು, ಮಬ್ಬುಗತ್ತಲು, ಸದ್ದಿಲ್ಲದ ಮೂಲೆ ಎಲ್ಲ ಸಿಗುತ್ತದೆ. ಸಿಗಲೇಬೇಕು, ಇಲ್ಲದಿದ್ದರೆ ಮೊಟ್ಟೆ ಕೆಡುತ್ತದೆ. ಅದೇ ಕೋಣೆಯಲ್ಲಿ ದಿನವಿಡೀ ನಿಲ್ಲುವ ಕೈಗಳಿಗೆ ಒಂದು ಒಳ್ಳೆಯ ಮಾಸ್ಕ್, ಹುಡಿ ಎಳೆಯುವ ಒಂದು ಫ್ಯಾನು ದೊಡ್ಡ ಖರ್ಚೇನಲ್ಲ.

ಮೊಟ್ಟೆ ಕೊಳ್ಳುವ ರೈತರು ನಾವು. ಕೇಳುವ ಹಕ್ಕು ನಮಗಿದೆ. ಮುಂದಿನ ಸಲ ಮೊಟ್ಟೆಗೆ ಹೋದಾಗ ರೋಗ ಪರೀಕ್ಷೆ ಆಗಿದೆಯಾ ಅಂತ ಕೇಳುವ ಜೊತೆಗೆ ಇನ್ನೆರಡು ಮಾತು ಕೇಳಿ: ಜೋಡಿಯನ್ನು ಎಷ್ಟು ಗಂಟೆ ಬಿಟ್ಟಿದ್ರಿ? ಬಿಡಿಸಿದವರಿಗೆ ಮಾಸ್ಕ್ ಕೊಟ್ಟಿದ್ರಾ?