ಕೇಳಿದ ಮಾತು, ಕಂಡ ಕಲ್ಲು



ಮನೆಯೇ ಮೊದಲ ಪಾಠಶಾಲೆಯೆಂದು ನಾವೆಲ್ಲರೂ ಹೇಳುತ್ತೇವೆ. ಆ ಶಾಲೆಯಲ್ಲಿ ಯಾರ ಮಾತು ಮಕ್ಕಳ ಕಿವಿಗೆ ಬೀಳಬೇಕೆಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಹಾಲುರಾಮೇಶ್ವರದ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಪಾಠ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು. ಗಣಿತ, ವಿಜ್ಞಾನಗಳಿಗೆ ಚಂದನ ವಾಹಿನಿಯ ಪಾಠಗಳು ಒದಗಿದವು. ಇತಿಹಾಸಕ್ಕಾಗಿ ಮೊಬೈಲಿನಲ್ಲಿ ದೊರೆಯುವ ಮುದ್ರಿತ ಉಪನ್ಯಾಸಗಳನ್ನು ಆರಿಸತೊಡಗಿದೆ. ಶಾಲೆ ತೆರೆದ ಮೇಲೂ ಸಂಜೆಯ ಆ ಪಾಠ ನಿಂತಿಲ್ಲ.

ಒಂದು ಉಪನ್ಯಾಸದಲ್ಲಿ ಚಿತ್ರದುರ್ಗದ ಓಬವ್ವನ ಪ್ರಸಂಗ ಬಂದಿತು. ಉಪನ್ಯಾಸಕರು ಕಿಂಡಿಯ ಬಳಿ ತಾವೇ ನಿಂತು ಕೇಳಿದವರಂತೆ ಆಕೆಯ ಒಂದೊಂದು ಮಾತನ್ನೂ ಹೇಳಿದರು. ಮೊಮ್ಮಗಳು ಕೇಳಿದಳು: “ತಾತ, ಆಗ ಅಲ್ಲಿ ಬರೆದುಕೊಂಡವರು ಯಾರು?”

ಹೈದರಾಲಿಯು 1779ರಲ್ಲಿ ಮದಕರಿನಾಯಕನಿಂದ ದುರ್ಗವನ್ನು ಗೆದ್ದುದು ಇತಿಹಾಸ. ಓಬವ್ವನ ಸಾಹಸ ಈ ನೆಲದ ಜನ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನೆನಪು. ಆಕೆಯ ಬಾಯಿಯ ಮಾತುಗಳು ಹೇಳುವವರು ಕಟ್ಟಿದವು. ಇಷ್ಟನ್ನು ಬಿಡಿಸಿ ಹೇಳಿದೆ. “ಹಾಗಾದರೆ ಓಬವ್ವ ಸುಳ್ಳೇ?” ಎಂದಳು. “ಸುಳ್ಳಲ್ಲ ತಾಯಿ. ನೆನಪನ್ನು ನೆನಪೆಂದು ಗೌರವಿಸಬೇಕು, ಶಾಸನವನ್ನು ಶಾಸನವೆಂದು ಓದಬೇಕು” ಎಂದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದುವಾಗಲೂ, 1972ರ ‘ನಾಗರಹಾವು’ ಚಿತ್ರದಲ್ಲಿ ಓಬವ್ವನನ್ನು ನೋಡುವಾಗಲೂ ಈ ವಿವೇಕ ಜೊತೆಗಿದ್ದರೆ ಸವಿ ಕಡಿಮೆಯಾಗದು.

ಅಂದಿನಿಂದ ಉಪನ್ಯಾಸವನ್ನು ಆರಿಸುವುದಕ್ಕೆ ಆಕೆಯ ಪ್ರಶ್ನೆಯೇ ನನಗೆ ಒರೆಗಲ್ಲಾಗಿದೆ. ಮಾತಿನ ಸೊಗಸು, ಕಂಠದ ಆವೇಶ ಆಮೇಲಿನವು. ತಾನು ಹೇಳುವುದು ತನಗೆ ಹೇಗೆ ತಿಳಿಯಿತೆಂದು ಉಪನ್ಯಾಸಕರು ಹೇಳುತ್ತಾರೆಯೇ ಎಂದು ಮೊದಲು ಕೇಳುತ್ತೇನೆ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಉತ್ಖನನ ನಡೆಸಿದರು. ಇಂತಹ ಆಧಾರವನ್ನು ತೋರಿಸಿ ಮಾತನಾಡುವವರ ಉಪನ್ಯಾಸ ಎಷ್ಟೇ ನೀರಸವಾಗಿದ್ದರೂ ಅದನ್ನು ಉಳಿಸಿಕೊಳ್ಳುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮಗುವಿನ ಪ್ರಶ್ನೆಗಳನ್ನು ಕೇಳುತ್ತೇನೆ. ಮುದ್ರಿತ ಧ್ವನಿಗೆ ಉತ್ತರಿಸುವ ಶಕ್ತಿಯಿಲ್ಲವಷ್ಟೆ.

ಭಕ್ತರಾದ ನಮಗೆ ಈ ಒರೆಗಲ್ಲು ಕಠಿಣವೆನಿಸಬಹುದು. ಏಕೆಂದರೆ ಶರಣರ ಚರಿತ್ರೆಗೂ ಇದನ್ನೇ ಹಿಡಿಯಬೇಕಾಗುತ್ತದೆ. ಹಿಡಿಯಲು ಅಂಜಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಅರಸಿ, ಓದಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರ ಭಕ್ತಿಯೇ ಅವರನ್ನು ಆಧಾರದ ಬಳಿಗೆ ಕರೆದೊಯ್ದಿತು. ಪವಾಡದ ಕಥೆಯನ್ನು ಕಥೆಯೆಂದು ಅರಿತ ಮಗುವಿಗೆ ವಚನದ ಮೇಲಿನ ಪ್ರೀತಿ ಕುಂದುವುದಿಲ್ಲ. ಎಲ್ಲವನ್ನೂ ನಡೆದದ್ದೆಂದೇ ನಂಬಿಸಿದರೆ, ದೊಡ್ಡವಳಾಗಿ ಒಂದನ್ನು ಕೈಬಿಡುವ ದಿನ ಆಕೆ ಎಲ್ಲವನ್ನೂ ಕೈಬಿಟ್ಟಾಳು. ಆ ಭಯ ನನಗಿದೆ. ಅದಕ್ಕಾಗಿಯೇ ಅವಳ ಪ್ರಶ್ನೆಯನ್ನು ಕಾಪಾಡುತ್ತಿದ್ದೇನೆ.