ಅವತ್ತು ನಾನು ಎದ್ದು ನಿಲ್ಲಲಿಲ್ಲ

ಹೋದ ವಾರ ಮಗಳ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಬಿಳಿ ಹಾಳೆ, ಸ್ಕೇಲಿಟ್ಟು ಎಳೆದ ಗೆರೆಗಳು, 5 ಮಕ್ಕಳ ಹೆಸರು. ಪ್ರತಿ ಹೆಸರಿನ ಮುಂದೆ ಜಾತಿ. ಕೆಳಗೆ, "ಎಸ್ಸಿ ಪೇರೆಂಟ್ಸ್ ನಾಳೆಯೊಳಗೆ ಕ್ಯಾಸ್ಟ್ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಕೊಡಿ, ಸ್ಕಾಲರ್‌ಶಿಪ್‌ಗೆ ಬೇಕು."

ಮೂರನೇ ಹೆಸರು ನನ್ನ ಮಗಳದು.

ಗ್ರೂಪಿನಲ್ಲಿ 42 ಜನ ಇದ್ದೀವಿ. ಒಬ್ಬರು ಹೆಬ್ಬೆಟ್ಟಿನ ಗುರುತು ಹಾಕಿದರು, ಅಷ್ಟೆ. ನಾನೂ ಏನೂ ಬರೆಯಲಿಲ್ಲ. ಮೈಕು ಸಿಕ್ಕರೆ ಅರ್ಧ ಗಂಟೆ ಬಿಡದೆ ಮಾತಾಡೋ ನಾನು ಫೋನು ಮಗುಚಿಟ್ಟು ಅನ್ನಕ್ಕೆ ಇಟ್ಟೆ.

ರಾತ್ರಿ ಮಗಳು ಬಂದಳು. "ಅಮ್ಮಾ, ಸ್ಕಾಲರ್‌ಶಿಪ್ ಬೇಡ. ಅಪ್ಲೈ ಮಾಡ್ಬೇಡ."

"ಯಾಕವ್ವ?"

"ಸುಮ್ನೆ."

ಆ 'ಸುಮ್ನೆ' ನನಗೆ ಚೆನ್ನಾಗಿ ಗೊತ್ತು. 30 ವರ್ಷದ ಹಿಂದೆ ನಾನೂ ನಮ್ಮಪ್ಪನಿಗೆ ಅದನ್ನೇ ಹೇಳಿದ್ದೆ.

ನಾನು ಮೈಸೂರಿನ ಅಶೋಕಪುರಂ ಹುಡುಗಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಮಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಬೇಕು ಅನ್ನೋದು ಅವರ ಹಟ. 1994ರಲ್ಲಿ ಬೇರೆ ಬಡಾವಣೆಯ ಒಂದು ಸಣ್ಣ ಪ್ರೈವೇಟ್ ಹೈಸ್ಕೂಲಿಗೆ 8ನೇ ಕ್ಲಾಸಿಗೆ ಸೇರಿಸಿದರು. ಸ್ಕೂಲು ಅಂದರೆ ಎರಡು ಅಂತಸ್ತಿನ ಬಾಡಿಗೆ ಮನೆ. ಹಾಲಿನ ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಕ್ಲಾಸು ಮಾಡಿದ್ದರು. ಆ ಕಡೆ ಒಂಬತ್ತನೇ ಕ್ಲಾಸಿನ ಆಲ್ಜೀಬ್ರಾ, ಈ ಕಡೆ ನಮ್ಮ ಹಳಗನ್ನಡ, ಎರಡೂ ಎಲ್ಲರಿಗೂ ಕೇಳಿಸುತ್ತಿತ್ತು. ಆಟದ ಮೈದಾನ ಇಲ್ಲ, ಪ್ರೇಯರ್ ತಾರಸಿ ಮೇಲೆ. ಊಟ ಮೆಟ್ಟಿಲ ಮೇಲೆ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ. ಸುಳ್ಳು ಹೇಳಲ್ಲ, ಅಲ್ಲಿ ಖುಷಿಯಾಗಿದ್ದೆ. ಆದರೆ ಆ ಖುಷಿಗೆ ಒಂದು ಕಂಡೀಷನ್ ಇತ್ತು. ಯಾರಾದರೂ "ನಿಮ್ಮನೆ ಎಲ್ಲಿ?" ಅಂದರೆ "ರೈಲ್ವೆ ವರ್ಕ್‌ಶಾಪ್ ಹತ್ರ" ಅನ್ನುತ್ತಿದ್ದೆ. ಅಶೋಕಪುರಂ ಅಂತ ಹೇಳಿದರೆ ಮೈಸೂರಿನಲ್ಲಿ ಮುಂದಿನ ಪ್ರಶ್ನೆ ಯಾರೂ ಕೇಳಬೇಕಾಗಿಲ್ಲ.

ಒಂದು ದಿನ ಅಟೆಂಡರ್ ಮೆಮೊ ಬುಕ್ ತಂದ. ಮೇಷ್ಟ್ರು ಓದಿ ತಲೆ ಎತ್ತಿದರು. "ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ಲಿ."

ಕ್ಲಾಸಿನಲ್ಲಿ ನಾವಿದ್ದದ್ದು ಇಬ್ಬರೇ. ನಾನು, ಮತ್ತೆ ನಮ್ಮ ಹಿಂದಿನ ಬೀದಿಯ ಗೆಳತಿ. ಅವಳು ಎದ್ದಳು. ನಾನು ಬಗ್ಗಿ ಬ್ಯಾಗಿನಲ್ಲಿ ಪೆನ್ನು ಹುಡುಕೋಕೆ ಶುರು ಮಾಡಿದೆ. ಪೆನ್ನು ಕೈಯಲ್ಲೇ ಇತ್ತು. "ಒಬ್ಬಳೇನಾ?" ಅಂದರು ಮೇಷ್ಟ್ರು. ಅವಳು ನನ್ನ ಕಡೆ ನೋಡಿದಳು. ಆಮೇಲೆ "ಹೌದು ಸಾರ್" ಅಂದಳು.

ಮಾರನೇ ದಿನದಿಂದ ಮೆಟ್ಟಿಲ ಮೇಲೆ ಅವಳ ಪಕ್ಕ ಜಾಗ ಖಾಲಿ ಇರುತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಸ್ವಲ್ಪ ಸರಿದು ಕೂತರು ಅಷ್ಟೆ. ನಾನೂ ಸರಿದು ಕೂತೆ. 10ನೇ ಕ್ಲಾಸಿಗೆ ಅವಳು ಸರ್ಕಾರಿ ಹೈಸ್ಕೂಲಿಗೆ ಹೋದಳು. ಯಾಕೆ ಅಂತ ನಾನು ಕೇಳಲಿಲ್ಲ.

ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಅಂತ ಅಪ್ಪ ಕೇಳಿದರು. "ಸುಮ್ನೆ, ಬರ್ಸಿಲ್ಲ" ಅಂದೆ. ಅವರಿಗೆ ಅರ್ಥ ಆಯ್ತು. ಬೈಯಲಿಲ್ಲ. "ಬಾಬಾಸಾಹೇಬ್ರು ಗೋಣಿತಾಟು ಹೊತ್ಕೊಂಡೋಗಿ ಅದ್ರ ಮೇಲೆ ಕೂತು ಓದುದ್ರು. ನಿಂಗೆ ಬೆಂಚ್ ಕೊಟ್ಟವ್ರೆ. ಬೆಂಚಿಂದ ಎದ್ದೇಳಕ್ಕೆ ನಾಚ್ಕೆ ಬಂತಾ ಕಣವ್ವ?"

ಈ ಮಾತು ನನ್ನನ್ನು ಸಂಘಟನೆಗೆ ತಂತು. ಎಷ್ಟೋ ಸಭೆಗಳಲ್ಲಿ ಹೇಳಿದ್ದೀನಿ, ಚಪ್ಪಾಳೆ ಬಿದ್ದಿದೆ. ಆದರೆ ಗೆಳತಿಯ ಭಾಗ ಯಾವತ್ತೂ ಹೇಳಿರಲಿಲ್ಲ. ಇವತ್ತು ಇನ್ನೊಂದು ಮಾತೂ ಅನ್ನಿಸುತ್ತೆ. ನಾಚಿಕೆ ನಮ್ಮದಲ್ಲ, ಸರಿ. ಆದರೆ ಕಾಗದದಲ್ಲಿ ಮುಗಿಯೋ ಕೆಲಸಕ್ಕೆ 13 ವರ್ಷದ ಮಗೂನ ಯಾಕೆ ನಿಲ್ಲಿಸಬೇಕಿತ್ತು?

ಮಗಳು ಈ ಸ್ಕೂಲಿಗೆ ಸೇರಿದ್ದು ಆರ್‌ಟಿಇ ಸೀಟಿನಲ್ಲಿ. ಕರ್ನಾಟಕದಲ್ಲಿ 2012-13ರಿಂದ ಖಾಸಗಿ ಶಾಲೆಗಳ ಶೇ. 25 ಸೀಟು ನಮ್ಮಂಥ ಮಕ್ಕಳಿಗೆ ಸಿಗುತ್ತಿತ್ತು. 2019ರಿಂದ, ಹತ್ತಿರ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಅಂತ ನಿಯಮ ಬದಲಾಯ್ತು, ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. ಒಳಗೆ ಹೋದವರಿಗೂ ಕಾಯ್ದೆ 8ನೇ ಕ್ಲಾಸಿನವರೆಗೆ ಮಾತ್ರ. 9ಕ್ಕೆ ಬಂದ ಕೂಡಲೇ ಪೂರ್ತಿ ಫೀಸು. ಗುಮಾಸ್ತೆ ಸಂಬಳದಲ್ಲಿ ಸ್ಕಾಲರ್‌ಶಿಪ್ 'ಬೇಡ' ಅನ್ನೋ ಹಾಗಿಲ್ಲ.

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಸ್ಕೂಲಿಗೆ ಹೊರಟೆ. "ನೀನು ಬಂದು ಭಾಷಣ ಮಾಡ್ತೀಯ, ಬರ್ಬೇಡ" ಅಂದಳು ಮಗಳು. ಮಾಡಲ್ಲ ಅಂತ ಮಾತು ಕೊಟ್ಟೆ.

ಕ್ಲಾಸ್ ಟೀಚರ್ ಚಿಕ್ಕ ಹುಡುಗಿ. ಸ್ಕಾಲರ್‌ಶಿಪ್ ಪೋರ್ಟಲಿನ ಕೆಲಸವನ್ನೆಲ್ಲ ಪಾಪ ತನ್ನ ಸ್ವಂತ ಫೋನಿನಲ್ಲೇ ಮಾಡುತ್ತಿದ್ದರು. ಹೇಳಿದ ತಕ್ಷಣ ಗಾಬರಿಯಾದರು. "ಗೌರ್ಮೆಂಟೇ ಕೇಳಿರೋದು ಮೇಡಂ. ನಾನು ಯಾರಿಗೂ ಅವಮಾನ ಮಾಡಿಲ್ಲ."

ನಾನು ಒಂದೇ ಪ್ರಶ್ನೆ ಕೇಳಿದೆ. "ಫೀಸ್ ಬಾಕಿ ಇರೋರ ಪಟ್ಟಿ ಗ್ರೂಪಿಗೆ ಹಾಕ್ತೀರಾ?"

"ಇಲ್ಲ ಮೇಡಂ, ಅದು ಪರ್ಸನಲ್ಲಾಗಿ ಕಳಿಸ್ತೀವಿ. ಪೇರೆಂಟ್ಸ್ ಬೇಜಾರು ಮಾಡ್ಕೋತಾರೆ..."

ಅಲ್ಲಿಗೇ ಅವರ ಮಾತು ನಿಂತಿತು. ಫೋನು ತೆಗೆದು ಫೋಟೋ ಡಿಲೀಟ್ ಮಾಡಿದರು. 42 ಫೋನುಗಳು ಆಗಲೇ ನೋಡಿ ಆಗಿತ್ತು, ಆ ಮಾತು ಬೇರೆ. ಮುಂದೆ ಒಬ್ಬೊಬ್ಬರಿಗೇ ಕಳಿಸ್ತೀನಿ ಅಂದರು. ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡು ಎದ್ದು ಬಂದೆ.

ರಾತ್ರಿ ಅವಳಿಗೆ ಗೆಳತಿಯ ಕಥೆ ಪೂರ್ತಿ ಹೇಳಿದೆ. ಪೆನ್ನಿನ ವಿಷಯವನ್ನೂ. ಅವಳು ತುಂಬ ಹೊತ್ತು ಸುಮ್ಮನಿದ್ದು, "ಆಮೇಲೆ ಅವ್ರಿಗೆ ಸಾರಿ ಕೇಳಿದ್ಯಾ?" ಅಂದಳು.

ಕೇಳಿಲ್ಲ. ಅದೇ ಊರಲ್ಲಿ ಬೆಳೆದೆವು, ಎದುರು ಸಿಕ್ಕಾಗ ನಕ್ಕೆವು. ನಾನು ಕೇಳಲೇ ಇಲ್ಲ. ಈಗ ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಅವಳಿಗೆ ಇದು ತಲುಪಲಿ ಅಂತಲೇ ಬರೆಯುತ್ತಿದ್ದೀನಿ. ಅವತ್ತು ನೀನು ನನ್ನ ಹೆಸರು ಹೇಳಲಿಲ್ಲ. ನಾನು ನಿನ್ನ ಪಕ್ಕ ನಿಲ್ಲಬೇಕಿತ್ತು ಕಣೇ.

ಈ ಪೇಜಿನಲ್ಲಿ ತುಂಬ ಜನ ಮೇಷ್ಟ್ರು, ಟೀಚರುಗಳಿದ್ದೀರಿ. ಜಾತಿ ಪಟ್ಟಿಯನ್ನು ಗ್ರೂಪಿಗೆ ಹಾಕಬೇಡಿ, ಕ್ಲಾಸಿನಲ್ಲಿ ಎದ್ದು ನಿಲ್ಲಿಸಬೇಡಿ. 5 ಮನೆಗೆ 5 ಮೆಸೇಜು, ಎರಡು ನಿಮಿಷದ ಕೆಲಸ. ಪೇರೆಂಟ್ಸ್ ಆಗಿರೋ ನಮ್ಮವರಿಗೆ ಒಂದು ಮಾತು: ಪಟ್ಟಿ ಬಂದರೆ ನನ್ನ ಹಾಗೆ ಫೋನು ಮಗುಚಿಡಬೇಡಿ. ಆ ಪಟ್ಟಿಯಲ್ಲಿ ಇನ್ನೂ ನಾಲ್ಕು ಮಕ್ಕಳಿರುತ್ತಾರೆ.

ಆರ್‌ಡಿ ನಂಬರನ್ನು ಬೆಳಿಗ್ಗೆ ಮಗಳೇ ಚೀಟಿಯಲ್ಲಿ ಬರೆದುಕೊಂಡು ಹೋದಳು.

ಜೈಭೀಮ್.